ಪಾರ್ಲರಿನಿಂದ ಮತಗಟ್ಟೆಗೆ

1957ರ ಜನವರಿ. ಅಮೆರಿಕದ ಸೌತ್ ಕೆರೊಲಿನಾದ ಜಾನ್ಸ್ ದ್ವೀಪದಲ್ಲೊಂದು ಅಂಗಡಿ. ಮುಂದೆ ದಿನಸಿ ವ್ಯಾಪಾರ, ಹಿಂದಿನ ಕೋಣೆಯಲ್ಲಿ ರಾತ್ರಿ ಶಾಲೆ. ಬಿಳಿಯರ ಕಣ್ಣಿಗೆ ಬೀಳದಿರಲೆಂದೇ ಈ ಏರ್ಪಾಡು. ಆಸ್ತಿಪಾಸ್ತಿ ಇಲ್ಲದವರು ರಾಜ್ಯ ಸಂವಿಧಾನದ ಒಂದು ಭಾಗವನ್ನು ಓದಿ ತೋರಿಸದಿದ್ದರೆ ಅಲ್ಲಿ ಮತದಾರರ ಪಟ್ಟಿಗೆ ಸೇರುವಂತಿರಲಿಲ್ಲ. ಅಕ್ಷರ ಕಲಿಸಲು ನಿಂತ ಬರ್ನೀಸ್ ರಾಬಿನ್ಸನ್ ಕಸುಬಿನಿಂದ ಬ್ಯೂಟಿಷಿಯನ್.

ಟೀಚರುಗಳಿಗೇನೂ ಬರವಿರಲಿಲ್ಲ. ರಾಬಿನ್ಸನ್ನರ ಸಂಬಂಧಿ ಸೆಪ್ಟಿಮಾ ಕ್ಲಾರ್ಕ್ ದಶಕಗಟ್ಟಲೆ ಪಾಠ ಹೇಳಿದವರು. ಆದರೆ ನಾಗರಿಕ ಹಕ್ಕುಗಳ ಸಂಘಟನೆ ಎನ್‌ಎಎಸಿಪಿಯ ಸದಸ್ಯತ್ವ ಬಿಡಲೊಲ್ಲದೆ 1956ರಲ್ಲಿ ಕೆಲಸ ಕಳೆದುಕೊಂಡಿದ್ದರು. ಬ್ಯೂಟಿಷಿಯನ್‌ಗೆ ಆ ಅಂಜಿಕೆಯಿಲ್ಲ. ಗಿರಾಕಿಗಳೆಲ್ಲ ಕಪ್ಪು ಹೆಂಗಸರೇ. ಸಂಬಳಕ್ಕೆ ಕತ್ತರಿ ಹಾಕುವ ಬಿಳಿ ಧಣಿ ಯಾರೂ ಇಲ್ಲ.

ಕಪ್ಪು ಹೆಣ್ಣಿನ ಕೂದಲಿನ ಮೇಲೆ ಆಳುವವರ ಕಣ್ಣು ಬಿದ್ದದ್ದು ಹಳೆಯ ಕಥೆ. 1786ರಲ್ಲಿ ನ್ಯೂ ಆರ್ಲಿಯನ್ಸ್‌ನಲ್ಲಿ ಸ್ಪ್ಯಾನಿಷ್ ಗವರ್ನರ್ ಮಿರೊ, ಕಪ್ಪು ಹಾಗೂ ಮಿಶ್ರ ಮೂಲದ ಸ್ವತಂತ್ರ ಹೆಂಗಸರು ತಲೆಗೆ ಬಟ್ಟೆ ಸುತ್ತಬೇಕೆಂದು ಆಜ್ಞೆ ಹೊರಡಿಸಿದ. ಅವರು ಸುತ್ತಿದರು, ಬಣ್ಣಬಣ್ಣದ್ದನ್ನೇ ಆರಿಸಿ, ಆಭರಣ ಸಿಕ್ಕಿಸಿ!

ಇದೇ ಕೂದಲು ಮುಂದೆ ಅನ್ನದ ದಾರಿಯಾಯಿತು. ಗುಲಾಮರಾಗಿದ್ದ ತಂದೆತಾಯಿಗೆ 1867ರಲ್ಲಿ ಹುಟ್ಟಿದ ಸಾರಾ ಬ್ರೀಡ್‌ಲವ್ ಊರವರ ಬಟ್ಟೆ ಒಗೆದು ಬದುಕಿದವಳು, ಕೂದಲು ಉದುರಿ ಕಂಗೆಟ್ಟವಳು. ಆಕೆಯೇ ಮುಂದೆ ಮೇಡಮ್ ಸಿ.ಜೆ. ವಾಕರ್ ಎಂಬ ಹೆಸರಿನಲ್ಲಿ ಕೇಶತೈಲ, ಮುಲಾಮುಗಳ ಕಾರ್ಖಾನೆ ಕಟ್ಟಿದಳು. ಕೂದಲು ನೇರವಾಗಿಸುವ ಬಿಸಿ ಬಾಚಣಿಗೆ ಬಿಳಿಯರ ಅನುಕರಣೆ ಎಂಬ ಟೀಕೆ ಆಗಲೂ ಇತ್ತು, ಅದರಲ್ಲಿ ಹುರುಳೂ ಇತ್ತು. ಆದರೆ 1917ರಲ್ಲಿ ಫಿಲಡೆಲ್ಫಿಯಾದಲ್ಲಿ ನೆರೆದ ಅವಳ ಏಜೆಂಟರು ಮಾರಾಟದ ಮಾತಿಗೇ ನಿಲ್ಲಲಿಲ್ಲ; ಗುಂಪುಹತ್ಯೆಗಳನ್ನು ತಡೆಯಿರೆಂದು ಅಧ್ಯಕ್ಷ ವಿಲ್ಸನ್‌ಗೆ ತಂತಿ ಕಳಿಸಿದರು.

ಜಾನ್ಸ್ ದ್ವೀಪದ ಕೋಣೆಗೆ ರಾಬಿನ್ಸನ್ ಮೊದಲು ಒಯ್ದದ್ದು ಮಕ್ಕಳ ಪಠ್ಯ. ದೊಡ್ಡವರಿಗೆ ಅದು ಒಗ್ಗದೆಂದು ಬದಿಗಿಟ್ಟು, ನಿಮಗೇನು ಬೇಕೆಂದು ಅವರನ್ನೇ ಕೇಳಿದರು. ಹೆಬ್ಬೆಟ್ಟಿನ ಬದಲು ಸಹಿ ಹಾಕಬೇಕು, ಮನಿಯಾರ್ಡರ್ ತುಂಬಬೇಕು, ಕ್ಯಾಟಲಾಗ್ ನೋಡಿ ಸಾಮಾನು ತರಿಸಬೇಕು. ಅದೇ ಪಠ್ಯವಾಯಿತು, ಗಿರಾಕಿಯ ಮಾತಿಗೆ ಕಿವಿಗೊಡುವ ಪಾರ್ಲರಿನ ರೂಢಿ ಇಲ್ಲಿ ಕೈಹಿಡಿದಿರಬೇಕು. 1961ರಲ್ಲಿ ಮಾರ್ಟಿನ್ ಲೂಥರ್ ಕಿಂಗ್ ಅವರ ಸಂಘಟನೆ ಈ ಶಾಲೆಗಳ ಹೊಣೆ ಹೊತ್ತಿತು. ದಕ್ಷಿಣದ ಊರೂರಿಗೂ ಅವು ಹಬ್ಬಿದವು. ರಾಬಿನ್ಸನ್ ಹೊಸ ಟೀಚರುಗಳಿಗೆ ತರಬೇತಿ ಕೊಡುತ್ತ ಓಡಾಡಿದರು.