ಬೋಳು ಗುಡ್ಡ, ಕೊಳ್ಳದ ದಾರಿ

ಬೆಳಗಾವಿ ಜಿಲ್ಲೆಯ ಪೂರ್ವಭಾಗದ ಗುಡ್ಡಗಳಿಗೆ ಪರ್ವತವೆಂಬ ದೊಡ್ಡ ಹೆಸರು ಎಂದೂ ಬರಲಿಲ್ಲ. ಸಹ್ಯಾದ್ರಿಯ ಎತ್ತರ ಅವಕ್ಕಿಲ್ಲ, ದಟ್ಟ ಕಾಡಿನ ಹೊದಿಕೆಯೂ ಇಲ್ಲ. ಬೈಲಹೊಂಗಲದ ಕಡೆಯಿಂದ ಸವದತ್ತಿಗೆ ಬಸ್ಸಿನಲ್ಲಿ ಬರುವವರ ಕಣ್ಣಿಗೆ ಅವು ಎರೆಭೂಮಿಯ ಅಂಚಿನಲ್ಲಿ ಕಟ್ಟಿದ ಕಂದು ಗೋಡೆಯಂತೆ ಕಾಣುತ್ತವೆ: ತಲೆ ಚಪ್ಪಟೆ, ಮೈ ಬೋಳು, ಅಲ್ಲಲ್ಲಿ ಕುರುಚಲು ಗಿಡ. ಆ ಗೋಡೆಯಲ್ಲಿ ಬಾಗಿಲುಗಳೂ ಇವೆಯೆಂಬುದು ಕಾಲ್ನಡಿಗೆಯಲ್ಲಿ ಬಂದವರಿಗಷ್ಟೇ ತಿಳಿಯುತ್ತದೆ. ಇಲ್ಲಿಯ ಜನ ಅವನ್ನು ಕೊಳ್ಳ ಎನ್ನುತ್ತಾರೆ. ಸವದತ್ತಿಯ ದೇವಿ ‘ಏಳು ಕೊಳ್ಳದ ಎಲ್ಲಮ್ಮ’. ರಾಮದುರ್ಗ ತಾಲ್ಲೂಕಿನ ಸುರೇಬಾನದ ಬಳಿ, ರಾಮಾಯಣದ ಶಬರಿ ಕಾದು ಕುಳಿತಿದ್ದಳೆಂದು ನಂಬುವ ಜಾಗ ಶಬರಿಕೊಳ್ಳ. ಇಲ್ಲಿ ದೇವರ ಹೆಸರಿನೊಂದಿಗೆ ಬೆಸೆದುಕೊಂಡಿರುವುದು ಗುಡ್ಡದ ತುದಿಯಲ್ಲ, ಗುಡ್ಡ ಬಿರಿದ ಜಾಗ. ನೀರು ಸಿಗುತ್ತಿದ್ದುದು, ನೆರಳಿದ್ದುದು, ದಾರಿ ಹೋಗುತ್ತಿದ್ದುದು ಅಲ್ಲಿಯೇ ಎಂಬುದನ್ನು ನೆನೆದರೆ ಇದರಲ್ಲಿ ಸೋಜಿಗವೇನೂ ಇಲ್ಲ.

ಈ ಗುಡ್ಡಗಳ ಕಲ್ಲಿಗೆ ಭೂವಿಜ್ಞಾನದಲ್ಲಿ ತನ್ನದೇ ಸ್ಥಾನವಿದೆ. ಬ್ರಿಟಿಷ್ ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ ದಕ್ಷಿಣ ಮರಾಠಾ ಸೀಮೆಯ ನೆಲವನ್ನು ಸಮೀಕ್ಷೆ ಮಾಡಿ 1876ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಈ ಶಿಲೆಗಳನ್ನು ಕಲಾದಗಿಯ ಹೆಸರಿನಲ್ಲಿ ವಿವರಿಸಿದ. ಮುಂದೆ ಬಂದ ವಿಜ್ಞಾನಿಗಳು ಇನ್ನೂ ಸೂಕ್ಷ್ಮವಾಗಿ ವಿಂಗಡಿಸಿ, ಈ ಶಿಲಾಸಮೂಹದ ತಳದ ಪದರಕ್ಕೆ ‘ರಾಮದುರ್ಗ ಫಾರ್ಮೇಶನ್’ ಎಂದೂ ಅದರಲ್ಲಿಯ ಗಟ್ಟಿ ಬೆಣಚುಕಲ್ಲಿಗೆ ‘ಸವದತ್ತಿ ಕ್ವಾರ್ಟ್ಜೈಟ್’ ಎಂದೂ ಹೆಸರಿಟ್ಟರು. ಇವು ನೂರು ಕೋಟಿ ವರ್ಷಕ್ಕೂ ಹಿಂದೆ ಆಳವಿಲ್ಲದ ಕಡಲಿನ ದಂಡೆಯಲ್ಲಿ ಮರಳು ಕೂತು, ಒತ್ತಿ, ಕಲ್ಲಾದವು. ಕೆಲವು ಹಾಸುಗಲ್ಲುಗಳ ಮೇಲೆ ಆ ಕಾಲದ ತೆರೆಗಳು ಬಿಟ್ಟುಹೋದ ಗೆರೆಗಳು ಇಂದಿಗೂ ಉಳಿದಿವೆ. ಪಶ್ಚಿಮಕ್ಕೆ ಹರಡಿರುವ ದಖನ್ನಿನ ಕರಿಕಲ್ಲು ಜ್ವಾಲಾಮುಖಿಗಳಿಂದ ಹರಿದು ಬಂದದ್ದು ಸುಮಾರು 6.6 ಕೋಟಿ ವರ್ಷಗಳ ಹಿಂದೆ. ಸವದತ್ತಿಯ ಕಲ್ಲಿನ ಎದುರಿಗೆ ಅದು ನಿನ್ನೆ ಮೊನ್ನೆಯದು.

ಬೆಣಚುಕಲ್ಲು ಸುಲಭವಾಗಿ ಸವೆಯುವುದಿಲ್ಲ. ಒಡೆದರೆ ಚಪ್ಪಡಿಯಾಗಿ ಬೀಳುತ್ತದೆ. ಆದ್ದರಿಂದಲೇ ಗುಡ್ಡದ ನೆತ್ತಿ ಚಪ್ಪಟೆ, ಅಂಚು ಕಡಿದಾದ ಗೋಡೆ, ಬುಡದಲ್ಲಿ ಕಲ್ಲಿನ ರಾಶಿ. ಅದು ಕೊಡುವ ಮಣ್ಣೂ ಬಡವ: ತೆಳುವಾದ ಮಸಾರಿ ಮಡ್ಡಿ, ಕುರಿ ಮೇಯುವುದಕ್ಕಷ್ಟೇ ಸಾಕು.

ಇಂಥ ಗೋಡೆಗೆ ಮಲಪ್ರಭೆ ಎದುರಾಗುವುದು ನವಿಲುತೀರ್ಥದಲ್ಲಿ. ಖಾನಾಪುರ ತಾಲ್ಲೂಕಿನ ಕಣಕುಂಬಿಯಲ್ಲಿ ಹುಟ್ಟಿ, ಬೈಲಹೊಂಗಲದ ಬಯಲನ್ನು ನಿಧಾನವಾಗಿ ದಾಟಿ ಬರುವ ಹೊಳೆ ಇಲ್ಲಿ ಗುಡ್ಡವನ್ನು ಬಳಸಿ ಹೋಗದೆ, ನಡುವೆ ಸೀಳಿಕೊಂಡು ಮುನವಳ್ಳಿಯ ಕಡೆಗೆ ಇಳಿಯುತ್ತದೆ. ಗುಡ್ಡ ಬಿರಿಯಲು ನವಿಲಿನ ಕೂಗೇ ಕಾರಣವೆಂಬ ಐತಿಹ್ಯ ಹುಟ್ಟಿಕೊಂಡದ್ದು ಸಹಜ. ಮೆತ್ತನೆಯ ಬಯಲನ್ನು ಬಿಟ್ಟು ಗಟ್ಟಿ ಕಲ್ಲಿಗೇ ಹೊಳೆ ಏಕೆ ನುಗ್ಗಿತೆಂಬ ಪ್ರಶ್ನೆ ನೋಡಿದವರಿಗೆಲ್ಲ ಬರಲೇಬೇಕು. ಇಂಥ ಕಂಡಿಗಳಿಗೆ ಭೂವಿಜ್ಞಾನಿಗಳು ಸಾಮಾನ್ಯವಾಗಿ ಕೊಡುವ ವಿವರಣೆ ಬೇರೆ. ಹೊಳೆ ಮೊದಲು ಹರಿದದ್ದು ಇಂದಿನ ನೆಲಕ್ಕಿಂತ ಬಹಳ ಎತ್ತರದ ನೆಲದ ಮೇಲೆ. ಅದು ಕೊರೆಯುತ್ತ ಕೆಳಗಿಳಿದಾಗ ಅಡಿಯಲ್ಲಿದ್ದ ಗಟ್ಟಿ ಕಲ್ಲು ಸಿಕ್ಕಿತು. ಅಷ್ಟರಲ್ಲಿ ಪಾತ್ರ ನೆಲೆನಿಂತಿತ್ತು, ತಿರುಗಲು ಎಡೆಯಿರಲಿಲ್ಲ. ಸುತ್ತಲಿನ ಮೆದು ಭಾಗ ಸವೆದುಹೋಗಿ ಗುಡ್ಡ ಎದ್ದು ಕಂಡದ್ದು ಆಮೇಲಿನ ಮಾತು. ಅಂದರೆ ಹೊಳೆ ಗುಡ್ಡದ ಹತ್ತಿರ ಬಂದದ್ದಲ್ಲ, ಗುಡ್ಡವೇ ಹೊಳೆಯ ಸುತ್ತ ಮೂಡಿತು ಎನ್ನಬಹುದು.

ನಡಿಗೆಯ ದೃಷ್ಟಿಯಿಂದ ಈ ಸೀಮೆಯಲ್ಲಿ ಕಲ್ಲಿಗಿಂತ ಮಣ್ಣೇ ಹೆಚ್ಚು ಕಷ್ಟ ಕೊಡುತ್ತಿತ್ತು. ‘ಬಯಲು ಹೊಂಗಲ’ವೇ ಬೈಲಹೊಂಗಲವಾಯಿತೆಂದು ಹೇಳುತ್ತಾರೆ, ಹತ್ತಿಗೆ ಹೆಸರಾದ ಆ ಬಯಲು ಎರೆಮಣ್ಣಿನದು. ಮಳೆ ಬಿದ್ದರೆ ಎರೆ ಅಂಟಾಗುತ್ತದೆ, ಹೆಜ್ಜೆಹೆಜ್ಜೆಗೂ ಕಾಲಿಗೆ ಸೇರುಗಟ್ಟಲೆ ಮಣ್ಣು ಮೆತ್ತಿಕೊಳ್ಳುತ್ತದೆ, ಬಂಡಿಯ ಗಾಲಿ ಗುಂಬದವರೆಗೆ ಹೂತುಹೋಗುತ್ತದೆ. ಬೇಸಗೆಯಲ್ಲಿ ಅದೇ ನೆಲ ಕೈ ತೂರುವಷ್ಟು ಬಿರುಕು ಬಿಡುತ್ತದೆ. ಮಸಾರಿ ಮಡ್ಡಿ ಹಾಗಲ್ಲ. ಮಳೆ ನಿಂತ ಗಳಿಗೆಗೆಲ್ಲ ನಡೆಯಬಹುದು. ಡಾಂಬರು ಬರುವ ಮೊದಲು ಮಳೆಗಾಲದಲ್ಲಿ ನಡೆದು ಹೋಗಬೇಕಾದವರಿಗೆ ಗುಡ್ಡದ ಬುಡವೇ ಆಸರೆ. ಸವದತ್ತಿಯಾಗಲಿ, ಹಳೆಯ ದೇಗುಲಗಳ ಹೂಲಿಯಾಗಲಿ ಗುಡ್ಡದ ಮಗ್ಗುಲಲ್ಲಿಯೇ ಬೆಳೆದಿವೆ: ಮುಂದೆ ಎರೆಯ ಹೊಲ, ಹಿಂದೆ ಕೊಳ್ಳದ ನೀರು.

ಎಲ್ಲಮ್ಮನ ಜಾತ್ರೆಗಳ ಪಂಚಾಂಗವನ್ನು ಈ ಮಣ್ಣಿನ ಜೊತೆಗಿಟ್ಟು ಓದಬೇಕು. ಹೊಸ್ತಿಲ ಹುಣ್ಣಿಮೆ, ಬನದ ಹುಣ್ಣಿಮೆ, ಭಾರತ ಹುಣ್ಣಿಮೆ, ದವನದ ಹುಣ್ಣಿಮೆ – ಜನ ಹೆಚ್ಚಾಗಿ ಸೇರುವ ಈ ಹುಣ್ಣಿಮೆಗಳೆಲ್ಲ ಮಾರ್ಗಶಿರದಿಂದ ಚೈತ್ರದೊಳಗೆ ಬರುತ್ತವೆ. ಎರೆ ಒಣಗಿ ಬಂಡಿ ಹಾಯುವ ಕಾಲ ಅದು. ರಾತ್ರಿ ನಡೆಯಲು ಬೆಳಕೂ ಉಂಟು. ದೇವಿಯ ಕಥೆಗೆ ತನ್ನ ಕಾರಣಗಳಿರಬಹುದು, ಆದರೆ ಕೊಲ್ಹಾಪುರ, ಸಾಂಗಲಿ, ಸೊಲ್ಲಾಪುರಗಳಿಂದ ಬಂಡಿ ಹೂಡಿಕೊಂಡು ಬರುತ್ತಿದ್ದ ಒಕ್ಕಲು ಮಕ್ಕಳಿಗೆ ಆಷಾಢದ ಜಾತ್ರೆ ಆಗುಮಾಡುವಂಥದ್ದಲ್ಲ. 1956ರಲ್ಲಿ ಬೆಳಗಾವಿ ಮುಂಬಯಿ ಪ್ರಾಂತದಿಂದ ಮೈಸೂರು ರಾಜ್ಯಕ್ಕೆ ಸೇರಿದ ಮೇಲೆ ಈ ದಾರಿಗಳಿಗೆ ಅಡ್ಡಲಾಗಿ ರಾಜ್ಯದ ಗಡಿ ಬಿತ್ತು. ಯಾತ್ರಿಕರು ಅದನ್ನು ದಾಟಿ ಬರುತ್ತಲೇ ಇದ್ದಾರೆ. ಮೊದಲು ಗುಡ್ಡದ ತಪ್ಪಲಿನ ಜೋಗುಳಬಾವಿಯಲ್ಲಿ ಮಿಂದು, ಬಂಡಾರ ಹಚ್ಚಿಕೊಂಡು, ‘ಉಧೋ ಉಧೋ’ ಎನ್ನುತ್ತ ಮೇಲಕ್ಕೆ ಸಾಗುವುದು ರೂಢಿ. ಹತ್ತಿದ ಮೇಲೆ ದೇವಸ್ಥಾನ ಸಿಗುವುದು ನೆತ್ತಿಯಲ್ಲಲ್ಲ, ಮತ್ತೆ ಕೆಳಗಿಳಿದ ಒಂದು ಕೊಳ್ಳದಲ್ಲಿ. ಇದೇ ದಾರಿಯಲ್ಲಿ ತಲೆಮಾರುಗಟ್ಟಲೆ ಬಡವರ ಹೆಣ್ಣುಮಕ್ಕಳನ್ನು ದೇವದಾಸಿಯರನ್ನಾಗಿ ಬಿಡಲು ಕರೆತಂದದ್ದೂ ಉಂಟು. ಅದನ್ನು ನಿಷೇಧಿಸುವ ಕಾಯಿದೆ ಕರ್ನಾಟಕದಲ್ಲಿ ಬಂದದ್ದು 1982ರಲ್ಲಿ.

ಭಕ್ತರಿಗೆ ಕೊಳ್ಳವಾದರೆ ಆಳುವವರಿಗೆ ನೆತ್ತಿ ಬೇಕಿತ್ತು. ಸವದತ್ತಿ ಒಂದು ಕಾಲಕ್ಕೆ ಸುಗಂಧವರ್ತಿಯೆಂಬ ಹೆಸರಿನಿಂದ ರಟ್ಟರ ರಾಜಧಾನಿ; ಹದಿಮೂರನೆಯ ಶತಮಾನದ ಆರಂಭದಲ್ಲಿ ಅವರು ವೇಣುಗ್ರಾಮಕ್ಕೆ, ಅಂದರೆ ಇಂದಿನ ಬೆಳಗಾವಿಗೆ, ಹೋದರು. ಊರ ದಕ್ಷಿಣದ ಗುಡ್ಡದ ಮೇಲೆ ಪರಸಗಡದ ಕೋಟೆ ಪಾಳುಬಿದ್ದಿದೆ. ಬ್ರಿಟಿಷರ ಕಾಲದಲ್ಲಿ ತಾಲ್ಲೂಕಿಗೇ ಪರಸಗಡವೆಂಬ ಹೆಸರಿತ್ತು. ಇತ್ತ ರಾಮದುರ್ಗ, ಆಚೆ ನರಗುಂದ – ಇವೂ ಗುಡ್ಡ ನಂಬಿದ ಸಂಸ್ಥಾನಗಳೇ. ಬೋಳು ಗುಡ್ಡ ಕಾವಲಿಗೆ ಒಳ್ಳೆಯದು. ಹತ್ತು ಹರದಾರಿ ದೂರದಲ್ಲಿ ದೂಳೆದ್ದರೂ ಕಾಣುತ್ತದೆ. ಆದರೆ ಅಡಗಿಕೊಳ್ಳುವವನಿಗೆ ಅದು ಏನನ್ನೂ ಕೊಡುವುದಿಲ್ಲ.

ಈ ವ್ಯತ್ಯಾಸ ಕಿತ್ತೂರಿನ ಇತಿಹಾಸದಲ್ಲಿ ಸ್ಪಷ್ಟವಾಗಿ ಕಾಣುತ್ತದೆ. ಕಿತ್ತೂರು ನಿಂತಿರುವುದು ಎರಡು ಸೀಮೆಗಳ ಹೊಸ್ತಿಲ ಮೇಲೆ; ಪೂರ್ವಕ್ಕೆ ಬೆಳವಲ, ಪಶ್ಚಿಮಕ್ಕೆ ಖಾನಾಪುರದ ಅಡವಿ. ಧಾರವಾಡದಿಂದ ಅಲ್ಲಿಗೆ ಬರುವ ದಾರಿಯಲ್ಲಿ ದೊಡ್ಡ ದಂಡನ್ನು ತಡೆಯುವಂಥ ಘಟ್ಟವಿಲ್ಲ. 1824ರ ಅಕ್ಟೋಬರ್ 23ರಂದು ಕಲೆಕ್ಟರ್ ಥ್ಯಾಕರೆ ಕಿತ್ತೂರಿನ ಬಾಗಿಲಲ್ಲೇ ಸತ್ತನಾದರೂ, ಕಂಪನಿ ಡಿಸೆಂಬರಿನಲ್ಲಿ ದೊಡ್ಡ ಸೈನ್ಯವನ್ನೂ ತೋಪುಗಳನ್ನೂ ತಂದಾಗ ಕೋಟೆ ಉಳಿಯಲಿಲ್ಲ. ರಾಣಿ ಚೆನ್ನಮ್ಮನನ್ನು ಬೈಲಹೊಂಗಲದಲ್ಲಿ ಸೆರೆಯಿಟ್ಟರು. 1829ರಲ್ಲಿ ಆಕೆ ಅಲ್ಲಿಯೇ ತೀರಿಕೊಂಡಳು. ಬಯಲಿನ ನಡುವಿನ ಆ ಊರು ಸೆರೆಗೆ ತಕ್ಕ ಜಾಗ: ಯಾರು ಬಂದರೂ ಯಾರು ಹೋದರೂ ಕಾಣುತ್ತಿತ್ತು.

ಸಂಗೊಳ್ಳಿ ರಾಯಣ್ಣ 1830ರಲ್ಲಿ ಬಂಡೆದ್ದಾಗ ಆರಿಸಿಕೊಂಡ ದಿಕ್ಕನ್ನು ಗಮನಿಸಬೇಕು. ಅವನ ಊರು ಮಲಪ್ರಭೆಯ ದಂಡೆಯ ಮೇಲಿದೆ. ಪೂರ್ವಕ್ಕೆ ಒಂದು ದಿನ ನಡೆದರೆ ಸವದತ್ತಿಯ ಗುಡ್ಡ, ಪಶ್ಚಿಮಕ್ಕೆ ಅಷ್ಟೇ ನಡೆದರೆ ಖಾನಾಪುರದ ಅಡವಿ. ಅವನು ಪಶ್ಚಿಮಕ್ಕೆ ಹೋದ. ಬೀಡಿಯ ಸರ್ಕಾರಿ ಕಚೇರಿಗೆ ಬೆಂಕಿ ಬಿದ್ದದ್ದು, ಹಂಡಿ ಬಡಗನಾಥದ ಗುಡ್ಡಗಾಡು ಅವನ ತಂಡದ ನೆಲೆಯಾದದ್ದು ಆ ಕಡೆಯೇ. ಮರೆಯಿಲ್ಲದ ಕಲ್ಲುಗುಡ್ಡದಲ್ಲಿ ಗೆರಿಲ್ಲಾ ಯುದ್ಧ ನಡೆಯುವುದಿಲ್ಲವೆಂಬುದು ಈ ನೆಲದ ಮಗನಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಅವನನ್ನು ಹಿಡಿದದ್ದು ಕಾಡಿನ ಒಳಗೆ ಹುಡುಕಿಯಲ್ಲ. ಡೋರಿ ಹಳ್ಳದ ನೀರಿಗೆ ಇಳಿದಿದ್ದಾಗ, ನಂಬಿದವರೇ ತೋರಿಸಿಕೊಟ್ಟು. 1831ರ ಜನವರಿ 26ರಂದು ನಂದಗಡದಲ್ಲಿ ಗಲ್ಲಿಗೇರಿಸಿದರು.

ಇದಕ್ಕೆ ತದ್ವಿರುದ್ಧವಾದ ಘಟನೆ ಸುರೇಬಾನದಲ್ಲಿ ನಡೆಯಿತು. 1858ರ ಮೇ ತಿಂಗಳಲ್ಲಿ ಪೊಲಿಟಿಕಲ್ ಏಜೆಂಟ್ ಮ್ಯಾನ್ಸನ್ ರಾಮದುರ್ಗದ ಮಾರ್ಗವಾಗಿ ಅಲ್ಲಿಗೆ ಬಂದು ತಂಗಿದ್ದ. ರಾಮದುರ್ಗದ ಅರಸ ಎಚ್ಚರಿಸಿದ್ದರೂ ಕೇಳಲಿಲ್ಲ. ಎಚ್ಚರಿಸಿದವನು ನರಗುಂದದ ಬಾಬಾಸಾಹೇಬನ ಮಲಸಹೋದರನೇ. ಬಾಬಾಸಾಹೇಬ ರಾತ್ರಿಯಲ್ಲಿ ಬಂದು ಮ್ಯಾನ್ಸನ್ನನನ್ನು ಕೊಂದು, ತಲೆಯನ್ನು ನರಗುಂದದ ಬಾಗಿಲಿಗೆ ತೂಗುಹಾಕಿದ. ಆದರೆ ಅದಾದ ಮೇಲೆ ಹೋಗಿ ಮರೆಯಾಗಲು ಸುತ್ತ ಕಾಡಿರಲಿಲ್ಲ. ರಾಯಣ್ಣ ತಿಂಗಳುಗಟ್ಟಲೆ ತಪ್ಪಿಸಿಕೊಂಡಿದ್ದರೆ ಬಾಬಾಸಾಹೇಬ ಕೆಲವೇ ದಿನಗಳಲ್ಲಿ ಸಿಕ್ಕಿಬಿದ್ದು ಬೆಳಗಾವಿಯಲ್ಲಿ ಗಲ್ಲಿಗೇರಿದ.

ಸ್ವಾತಂತ್ರ್ಯ ಬಂದ ಮೇಲೆ ನವಿಲುತೀರ್ಥದ ಕಂಡಿಗೆ ಎಂಜಿನಿಯರುಗಳು ಬಂದರು. ಎರಡು ಗುಡ್ಡಗಳ ನಡುವೆ ಕಿರಿದಾದ ಜಾಗ, ಅಡಿಯಲ್ಲಿ ಗಟ್ಟಿ ಕಲ್ಲು, ಹಿಂದೆ ಅಗಲವಾದ ಬಯಲು: ಅಣೆಕಟ್ಟಿಗೆ ಇದಕ್ಕಿಂತ ಇನ್ನೇನು ಬೇಕು? 1970ರ ದಶಕದ ಆರಂಭದಲ್ಲಿ ಕಟ್ಟೆ ಪೂರ್ಣಗೊಂಡು, ಸುಮಾರು 37.73 ಟಿಎಂಸಿ ನೀರು ಹಿಡಿಯುವ ರೇಣುಕಾಸಾಗರ ತುಂಬಿತು. ಎರೆಯ ಹೊಲಗಳೂ ಹೊಳೆದಂಡೆಯ ಹಳೆಯ ಕಾಲುದಾರಿಗಳೂ ನೀರಿನಡಿ ಹೋದವು. ಕಾಲುವೆಯ ನೀರು ನರಗುಂದ, ನವಲಗುಂದಗಳತ್ತ ಹರಿಯಿತು. 1980ರಲ್ಲಿ ಅಲ್ಲಿಯ ರೈತರು ಕರದ ವಿರುದ್ಧ ಎದ್ದ ಬಂಡಾಯ ರಾಜ್ಯದ ರಾಜಕೀಯವನ್ನೇ ಅಲುಗಿಸಿತು. 2019ರ ಆಗಸ್ಟಿನಲ್ಲಿ ಘಟ್ಟದ ಮಳೆ ಒಮ್ಮೆಲೇ ಬಂದಾಗ ಕಟ್ಟೆಯಿಂದ ಬಿಟ್ಟ ನೀರು ಮುನವಳ್ಳಿ, ರಾಮದುರ್ಗ, ಸುರೇಬಾನಗಳಿಗೆ ನುಗ್ಗಿತು. ಬರಕ್ಕೆ ಹೆಸರಾದ ಊರುಗಳು ದೂರದ ಕಣಕುಂಬಿಯ ಮಳೆಯಲ್ಲಿ ಮುಳುಗಿದವು.

ಬಡ ಮಡ್ಡಿಯೆಂದು ಕುರಿಗಳಿಗೆ ಬಿಟ್ಟಿದ್ದ ಚಪ್ಪಟೆ ನೆತ್ತಿಗೂ ಈಗ ಬೆಲೆ ಬಂದಿದೆ. ತಡೆಯಿಲ್ಲದೆ ಬೀಸುವ ಗಾಳಿಗಾಗಿ ಗಾಳಿಯಂತ್ರದ ಕಂಬಗಳು ಎದ್ದಿವೆ. ಗುಡ್ಡದ ಮೇಲೆ ಕೃತಕ ಕೆರೆ ಕಟ್ಟಿ, ರೇಣುಕಾಸಾಗರದಿಂದ ನೀರನ್ನು ಮೇಲಕ್ಕೆತ್ತಿ, ಬೇಕಾದಾಗ ಕೆಳಗೆ ಬಿಟ್ಟು ವಿದ್ಯುತ್ತು ತೆಗೆಯುವ ಯೋಜನೆಯೂ ಸವದತ್ತಿಗೆ ಬಂದಿದೆ. ಅದಕ್ಕೆ ಬೇಕಾದದ್ದು ಮೇಲೆ ಸಮತಟ್ಟು ನೆಲ, ಪಕ್ಕದಲ್ಲೇ ಕಡಿದಾದ ಇಳಿಜಾರು, ಬುಡದಲ್ಲಿ ನೀರು. ಮೇಯಲು ಗುಡ್ಡಕ್ಕೆ ಹೋಗುವ ಕುರಿಗಳ ದಾರಿಗಳು ಯಾವ ನಕ್ಷೆಯಲ್ಲೂ ಹೆಸರಿಲ್ಲದವು. ಬೇಲಿ, ರಸ್ತೆ, ಕಾಲುವೆಗಳು ಬರುವಾಗ ಮೊದಲು ಅಳಿಯುವುದು ಅಂಥವೇ. ಭಾರತ ಹುಣ್ಣಿಮೆಗೆ ನಡೆದು ಬರುವವರು ಇನ್ನೂ ಇದ್ದಾರೆ. ಬಹುಪಾಲು ಡಾಂಬರು ರಸ್ತೆಯ ಅಂಚು ಹಿಡಿದು ಬರುತ್ತಾರೆ, ಹಳೆಯ ಕೊಳ್ಳದ ದಾರಿ ಬಲ್ಲ ಹಿರಿಯರು ಮಾತ್ರ ಜೋಗುಳಬಾವಿಯಿಂದ ಗುಡ್ಡದ ಒಳಗೆ ತಿರುಗುತ್ತಾರೆ.