ಕಂಬ ಬಂತು, ಕರೆಂಟಿನ ಓದು ಬಂತೆ?

ರಾಯಚೂರು ಜಿಲ್ಲೆಯ ಕರೆಂಟಿನಿಂದ ನಾಡು ಉರಿಯುತ್ತದೆ. ಕೃಷ್ಣೆಯ ದಂಡೆಯ ಶಕ್ತಿನಗರದಲ್ಲಿ 1985ರಲ್ಲಿ ಮೊದಲ ಘಟಕ ಶುರುವಾಯಿತು. ಮುಂದೆ ಒಂದೊಂದಾಗಿ ಎಂಟು ಘಟಕಗಳಾದವು. 210 ಮೆಗಾವಾಟಿನವು ಏಳು, 250 ಮೆಗಾವಾಟಿನದು ಒಂದು, ಒಟ್ಟು 1,720 ಮೆಗಾವಾಟ್. ಆಮೇಲೆ ಯರಮರಸಿನಲ್ಲಿ 800 ಮೆಗಾವಾಟಿನ ಎರಡು ಘಟಕಗಳು ಎದ್ದು ನಿಂತವು. ಬೂದಿ ನಮಗೆ, ಬೆಳಕು ನಾಡಿಗೆ. ಈ ಲೆಕ್ಕ ಎಲ್ಲರಿಗೂ ಗೊತ್ತು.

ಇನ್ನೊಂದು ಲೆಕ್ಕವನ್ನು ಮಾತ್ರ ಯಾರೂ ಕೇಳುವುದಿಲ್ಲ. ಈ ಕರೆಂಟನ್ನು ಹುಟ್ಟಿಸುವ, ಅಳೆಯುವ, ಹಂಚುವ ವಿದ್ಯೆ ಯಾರ ಕೈಯಲ್ಲಿತ್ತು? ಸಂತೆಕಲ್ಲೂರು ಮೊದಲು ಲಿಂಗಸುಗೂರು ತಾಲ್ಲೂಕಿನ ಊರು, ಈಗ ಮಸ್ಕಿ ತಾಲ್ಲೂಕಿನದು. ಅಂಥ ಊರಿನ ಕೂಲಿಕಾರರ ಮಕ್ಕಳು ಎಲೆಕ್ಟ್ರಿಕಲ್ ಎಂಜಿನಿಯರಿಂಗ್ ಕಾಲೇಜಿನ ಬೆಂಚಿಗೆ ಹೋಗಿ ಕೂರಬೇಕಾದರೆ ಎಷ್ಟು ಬಾಗಿಲು ದಾಟಬೇಕಿತ್ತು? ಆ ಬಾಗಿಲುಗಳನ್ನು ಹಾಕಿದವರು ಯಾರು, ತೆರೆಸಿದವರು ಯಾರು? ಗುಂಡಿ ತೋಡಿದವರು, ಕಂಬ ಹೊತ್ತವರು, ತಂತಿ ಎಳೆದವರು ನಮ್ಮವರೇ. ನಕ್ಷೆ ಬರೆಯುವ ಮೇಜಿನ ಹತ್ತಿರ ಮಾತ್ರ ನಮಗೆ ಜಾಗ ಇರಲಿಲ್ಲ. ಇದು ತಾನಾಗಿ ಆದದ್ದೆ?

ಈ ವಿದ್ಯೆಯ ಹುಟ್ಟನ್ನೇ ನೋಡೋಣ. ಮೈಕೆಲ್ ಫ್ಯಾರಡೆ ಇಂಗ್ಲೆಂಡಿನ ಕಮ್ಮಾರನ ಮಗ. ಶಾಲೆಗೆ ಹೋದದ್ದು ಅಷ್ಟಕ್ಕಷ್ಟೆ. ಪುಸ್ತಕ ಕಟ್ಟುವ ಅಂಗಡಿಯಲ್ಲಿ ಕೆಲಸಕ್ಕಿದ್ದವನು, ಕಟ್ಟಲು ಬಂದ ಪುಸ್ತಕಗಳನ್ನೇ ಓದಿ ಬೆಳೆದ. 1831ರಲ್ಲಿ ತಂತಿಯ ಸುರುಳಿಯ ಬಳಿ ಅಯಸ್ಕಾಂತವನ್ನು ಚಲಿಸಿದರೆ ಸುರುಳಿಯಲ್ಲಿ ಕರೆಂಟು ಹುಟ್ಟುತ್ತದೆ ಎಂದು ತೋರಿಸಿಕೊಟ್ಟ. ಸೈಕಲ್ಲಿನ ಡೈನಮೊ ಮಾಡುವುದು ಅದೇ. ಶಕ್ತಿನಗರದ ದೈತ್ಯ ಯಂತ್ರವೂ ಮಾಡುವುದು ಅದೇ. ಗಾಲಿಯ ಬದಲು ಅಲ್ಲಿ ಹಬೆ ತಿರುಗಿಸುತ್ತದೆ, ಅಷ್ಟೆ ಫರಕು. ಕಮ್ಮಾರನ ಮಗ ಕಂಡುಹಿಡಿದ ವಿದ್ಯೆಯನ್ನು ಕಮ್ಮಾರ, ಸಮಗಾರ, ಹೊಲೆಯ, ಮಾದಿಗರ ಮಕ್ಕಳು ಕಲಿಯಲಾರರು ಎಂದು ಹೇಳಿದವರು ಯಾವ ಪುಸ್ತಕ ನೋಡಿ ಹೇಳಿದರು? "ಕರೆಂಟು ಜಾತಿ ನೋಡೂದಿಲ್ಲ, ಮುಟ್ಟಿದವರನ್ನೆಲ್ಲ ಹೊಡೀತದ" ಎಂಬ ಮಾತು ನಮ್ಮ ಕಡೆ ಇದೆ. ಕರೆಂಟಿಗಿಲ್ಲದ ಮಡಿ-ಮೈಲಿಗೆ ಕರೆಂಟಿನ ಕಾಲೇಜಿಗೆ ಇತ್ತು.

ಕನ್ನಡ ನಾಡಿಗೆ ಕರೆಂಟು ಬಂದ ಬಗೆಯೇ ಒಂದು ಪಾಠ. 1902ರಲ್ಲಿ ಮೈಸೂರು ಸಂಸ್ಥಾನ ಶಿವನಸಮುದ್ರದಲ್ಲಿ ಕಾವೇರಿಯ ನೀರಿನಿಂದ ವಿದ್ಯುತ್ತು ತೆಗೆದು ಸುಮಾರು 147 ಕಿಲೋಮೀಟರ್ ದೂರದ ಕೋಲಾರದ ಚಿನ್ನದ ಗಣಿಗೆ ಕಳಿಸಿತು. ದಾರಿಯ ಹಳ್ಳಿಗಳಿಗೆ ಅದು ಸಿಗಲಿಲ್ಲ. ಬೆಂಗಳೂರಿನ ಬೀದಿಗೂ ದೀಪ ಬಂದದ್ದು 1905ರಲ್ಲಿ. ಮೊದಲ ಪಾಲು ಬ್ರಿಟಿಷ್ ಕಂಪನಿಯ ಗಣಿಗೆ. ಆ ಗಣಿಯ ಆಳಕ್ಕೆ ಇಳಿದವರಲ್ಲಿ ಬಹುಪಾಲು ಉತ್ತರ ಆರ್ಕಾಟು, ಚಿತ್ತೂರು ಕಡೆಯಿಂದ ಬಂದ ಅಸ್ಪೃಶ್ಯ ಜಾತಿಗಳ ಕೂಲಿಕಾರರು.

ಅಷ್ಟು ದೂರ ಕರೆಂಟು ಹೋಗುವುದಾದರೂ ಹೇಗೆ? ತಂತಿಯಲ್ಲಿ ಕರೆಂಟು ಹೆಚ್ಚು ಹರಿದಷ್ಟೂ ತಂತಿ ಕಾಯುತ್ತದೆ. ಕರೆಂಟು ಇಮ್ಮಡಿಯಾದರೆ ದಾರಿಯಲ್ಲಿ ಹಾಳಾಗುವ ಶಕ್ತಿ ನಾಲ್ಮಡಿ. ಅದಕ್ಕೇ ವೋಲ್ಟೇಜು ಏರಿಸಿ, ಕರೆಂಟು ಇಳಿಸಿ ಕಳಿಸುತ್ತಾರೆ. ಮುಟ್ಟಿದ ಕಡೆ ಮತ್ತೆ ವೋಲ್ಟೇಜು ಇಳಿಸಬೇಕು. ಏರಿಸುವುದಕ್ಕೂ ಇಳಿಸುವುದಕ್ಕೂ ಇರುವುದೇ ಟ್ರಾನ್ಸ್‌ಫಾರ್ಮರ್, ನಮ್ಮ ಮಂದಿಯ ಬಾಯಲ್ಲಿ ಟೀಸಿ. 11 ಸಾವಿರ ವೋಲ್ಟಿನ ತಂತಿ ಕೇರಿಯ ನೆತ್ತಿಯ ಮೇಲೇ ಹಾದುಹೋಗಬಹುದು. ಟೀಸಿ ಕೂರಿಸದಿದ್ದರೆ ಕೆಳಗಿನ ಗುಡಿಸಲಿಗೆ ಚಿಮಣಿಯೇ ಗತಿ. ಈ ಮಾತನ್ನು ನೆನಪಿಡಿ. ವಿದ್ಯೆಯ ವಿಷಯದಲ್ಲೂ ಇದೇ ಆಯಿತು.

1911ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಪಾಠ ಆರಂಭಿಸಿದಾಗ ಅದರ ಮೊದಲ ವಿಭಾಗಗಳಲ್ಲಿ ವಿದ್ಯುತ್ ತಂತ್ರಜ್ಞಾನವೂ ಒಂದು. 1917ರಲ್ಲಿ ವಿಶ್ವೇಶ್ವರಯ್ಯನವರು ಬೆಂಗಳೂರಿನಲ್ಲಿ ಸರ್ಕಾರಿ ಎಂಜಿನಿಯರಿಂಗ್ ಕಾಲೇಜು ತೆರೆಸಿದರು. ಇವೆಲ್ಲ ಮೈಸೂರು ಸೀಮೆಯ ಮಾತು. ನಮ್ಮ ರಾಯಚೂರು ಆಗ ನಿಜಾಮನ ಹೈದರಾಬಾದಿಗೆ ಸೇರಿತ್ತು. ಇಲ್ಲಿನವರ ವಿಶ್ವವಿದ್ಯಾಲಯವೆಂದರೆ 1918ರಲ್ಲಿ ಹುಟ್ಟಿದ ಉಸ್ಮಾನಿಯ. ಅದರ ಎಂಜಿನಿಯರಿಂಗ್ ಕಾಲೇಜು ಶುರುವಾದದ್ದು 1929ರಲ್ಲಿ. ಪಾಠದ ಭಾಷೆ ಉರ್ದು.

ಇಲ್ಲಿ ನ್ಯಾಯವಾಗಿ ಮಾತಾಡಬೇಕು. ಇಂಗ್ಲಿಷರ ಕಾಲದಲ್ಲಿ ಒಂದು ದೇಶಭಾಷೆಯಲ್ಲಿ ಎಂಜಿನಿಯರಿಂಗ್, ವೈದ್ಯ, ಕಾನೂನುಗಳನ್ನು ಕಲಿಸಿದ ಉಸ್ಮಾನಿಯದ ಸಾಹಸ ಸಣ್ಣದಲ್ಲ. ಅದಕ್ಕೆಂದೇ ಒಂದು ತರ್ಜುಮೆ ಇಲಾಖೆ ತೆರೆದು, ಪುಸ್ತಕಗಳನ್ನು ಉರ್ದುವಿಗೆ ತಂದರು, ಪದಗಳನ್ನು ಹುಟ್ಟಿಸಿದರು. ಆದರೆ ಸಂಸ್ಥಾನದ ಬಹುಪಾಲು ಜನರ ಮನೆಮಾತು ತೆಲುಗು, ಮರಾಠಿ, ಕನ್ನಡ. ಅಕ್ಷರವೇ ಮುಟ್ಟದ ಕೇರಿಯ ಹುಡುಗ ಮೊದಲು ಕನ್ನಡ ಕಲಿತು, ಆಮೇಲೆ ಉರ್ದು ಕಲಿತು, ಆಮೇಲೆ ಹೈದರಾಬಾದಿನ ರೈಲು ಹತ್ತಬೇಕು. ಜೀತದ ಮನೆಯ ದನ ಕಾಯುವವನಿಗೆ ಅಷ್ಟು ಪುರುಸೊತ್ತು ಕೊಡುವವರು ಯಾರು? 1948ರ ನಂತರ ಉರ್ದು ಹೋಯಿತು, ಆ ಜಾಗಕ್ಕೆ ಇಂಗ್ಲಿಷ್ ಬಂತು. ಬೀಗ ಬದಲಾಯಿತು, ಬಾಗಿಲು ಅದೇ.

ಈ ಬಾಗಿಲನ್ನು ದಿಲ್ಲಿಯಲ್ಲಿ ನಿಂತು ಬಡಿದವರು ಬಾಬಾಸಾಹೇಬ ಅಂಬೇಡ್ಕರ್. 1942ರಿಂದ 1946ರವರೆಗೆ ಅವರು ವೈಸರಾಯರ ಕಾರ್ಯಕಾರಿ ಮಂಡಳಿಯಲ್ಲಿ ಕಾರ್ಮಿಕ ಸದಸ್ಯರು. ನೀರಾವರಿ, ವಿದ್ಯುತ್ತು ಆ ಇಲಾಖೆಗೇ ಸೇರಿದ್ದವು ಎಂಬುದನ್ನು ನಮ್ಮಲ್ಲಿ ಬಹಳ ಮಂದಿ ಮರೆತಿದ್ದಾರೆ. ವಿದ್ಯುತ್ ಯೋಜನೆಯ ಬಗ್ಗೆ 1943ರ ಅಕ್ಟೋಬರಿನಲ್ಲಿ ಮಾತಾಡುತ್ತ, ಕರೆಂಟು ಹೇರಳವಾಗಿದ್ದರೆ ಸಾಲದು, ಅಗ್ಗವಾಗಿಯೂ ಇರಬೇಕು, ಅದಿಲ್ಲದೆ ಕೈಗಾರಿಕೆ ಬೆಳೆಯದು, ಬಡತನ ಹೋಗದು ಎಂದು ವಾದಿಸಿದರು. 1944ರಲ್ಲಿ ಕೇಂದ್ರ ತಾಂತ್ರಿಕ ವಿದ್ಯುತ್ ಮಂಡಳಿ ಅವರ ಕಾಲದಲ್ಲೇ ಆಯಿತು.

ಇದಕ್ಕೂ ಮುಂಚೆ, 1942ರಲ್ಲೇ, ಅವರು ವೈಸರಾಯ್ ಲಿನ್‌ಲಿತ್‌ಗೋಗೆ ಒಂದು ಮನವಿ ಕೊಟ್ಟಿದ್ದರು. ಬಿ.ಎ., ಕಾನೂನು ಓದಿದರೆ ಪರಿಶಿಷ್ಟರಿಗೆ ಹೆಚ್ಚು ಉಪಯೋಗವಿಲ್ಲ, ವಿಜ್ಞಾನ ಮತ್ತು ತಂತ್ರಜ್ಞಾನದ ಉನ್ನತ ಓದೇ ಬೇಕು, ಅದರ ಖರ್ಚು ಅವರ ಕೈಗೆ ಎಟುಕುವುದಲ್ಲ ಎಂಬುದು ಅದರ ಸಾರ. ದೇಶದೊಳಗಿನ ಓದಿಗೆ ವರ್ಷಕ್ಕೆ 2 ಲಕ್ಷ, ಹೊರದೇಶದ ಓದಿಗೆ 1 ಲಕ್ಷ ರೂಪಾಯಿ ಕೇಳಿದರು. ಕಾನೂನು ಓದಿದ ಮನುಷ್ಯ ಕಾನೂನು ಸಾಲದು, ಯಂತ್ರ ಕಲಿಯಿರಿ ಎಂದ. ಇಂದು ದಲಿತ ವಿದ್ಯಾರ್ಥಿಗಳು ಪಡೆಯುವ ಮೆಟ್ರಿಕ್ ನಂತರದ ವಿದ್ಯಾರ್ಥಿವೇತನ 1944ರಲ್ಲಿ ಆರಂಭವಾಯಿತು. ಅದು ಯಾರ ದಾನವೂ ಅಲ್ಲ, ಬಡಿದು ತೆರೆಸಿದ್ದು.

ತೆರೆದ ಬಾಗಿಲನ್ನು ಮತ್ತೆ ಮುಚ್ಚುವ ಕೆಲಸವೂ ನಡೆದೇ ಇತ್ತು. ತುಂಗಭದ್ರೆಯ ಆಚೆ ದಂಡೆಯ ಬಳ್ಳಾರಿ ಆಗ ಮದ್ರಾಸಿಗೆ ಸೇರಿತ್ತು. ಅಲ್ಲಿ ಕಾಲೇಜಿನ ಪ್ರತಿ 14 ಸೀಟುಗಳಲ್ಲಿ 2 ಸೀಟು ಹರಿಜನರಿಗೆ, 2 ಹಿಂದುಳಿದ ಹಿಂದೂಗಳಿಗೆ, 2 ಬ್ರಾಹ್ಮಣರಿಗೆ, ಹೀಗೆ ಹಂಚುವ ಸರ್ಕಾರಿ ಆಜ್ಞೆ ಇತ್ತು. ಅದರ ವಿರುದ್ಧ ಹೋದ ಇಬ್ಬರಲ್ಲಿ ಚಂಪಕಂ ದೊರೈರಾಜನ್ ಹೆಸರು ಎಲ್ಲರಿಗೂ ಗೊತ್ತು, ಅವರದು ಮೆಡಿಕಲ್. ಇನ್ನೊಬ್ಬರು ಸಿ.ಆರ್. ಶ್ರೀನಿವಾಸನ್, ಕೇಳಿದ್ದು ಎಂಜಿನಿಯರಿಂಗ್ ಸೀಟು. 1951ರ ಏಪ್ರಿಲಿನಲ್ಲಿ ಸುಪ್ರೀಂ ಕೋರ್ಟು ಆ ಆಜ್ಞೆಯನ್ನು ರದ್ದು ಮಾಡಿತು. ಅದೇ ವರ್ಷ ಸಂವಿಧಾನಕ್ಕೆ ಮೊದಲ ತಿದ್ದುಪಡಿ ತಂದು 15(4)ನೆಯ ವಿಧಿ ಸೇರಿಸಿ ಬಾಗಿಲನ್ನು ಮತ್ತೆ ತೆರೆಯಬೇಕಾಯಿತು.

1956ರಲ್ಲಿ ರಾಯಚೂರು ಕನ್ನಡ ರಾಜ್ಯಕ್ಕೆ ಬಂತು. 1958ರಲ್ಲಿ ಹೈದರಾಬಾದ್ ಕರ್ನಾಟಕ ಶಿಕ್ಷಣ ಸಂಸ್ಥೆ ಗುಲ್ಬರ್ಗದಲ್ಲಿ ಎಂಜಿನಿಯರಿಂಗ್ ಕಾಲೇಜು ಆರಂಭಿಸಿತು. ಈ ಸೀಮೆಯಲ್ಲಿ ಅದೇ ಮೊದಲು. ಬೆಂಗಳೂರಿಗೂ ಗುಲ್ಬರ್ಗಕ್ಕೂ ನಡುವೆ 41 ವರ್ಷ. ಒಂದು ತಲೆಮಾರಿಗಿಂತ ಹೆಚ್ಚು.

1962ರ ಜುಲೈಯಲ್ಲಿ ಮೈಸೂರು ಸರ್ಕಾರ ಎಂಜಿನಿಯರಿಂಗ್ ಮತ್ತು ಮೆಡಿಕಲ್ ಕಾಲೇಜುಗಳಲ್ಲಿ ಹಿಂದುಳಿದವರಿಗೆ ನೂರಕ್ಕೆ 50, ಪರಿಶಿಷ್ಟ ಜಾತಿಗೆ 15, ಪರಿಶಿಷ್ಟ ಪಂಗಡಕ್ಕೆ 3, ಒಟ್ಟು 68 ಸೀಟು ಇಟ್ಟಿತು. ಸೆಪ್ಟೆಂಬರಿನಲ್ಲಿ ಬಾಲಾಜಿ ಮೊಕದ್ದಮೆಯ ತೀರ್ಪು ಬಂತು. ಮೀಸಲು ಸಾಮಾನ್ಯವಾಗಿ ನೂರಕ್ಕೆ 50ರೊಳಗೆ ಇರಬೇಕು ಎಂದು ಸುಪ್ರೀಂ ಕೋರ್ಟು ಹೇಳಿತು. ದೇಶವೆಲ್ಲ ಇಂದಿಗೂ ವಾದಿಸುತ್ತಿರುವ ಆ ಐವತ್ತರ ಗೆರೆ ಎಳೆದದ್ದು ನಮ್ಮ ರಾಜ್ಯದ ಎಂಜಿನಿಯರಿಂಗ್, ಮೆಡಿಕಲ್ ಸೀಟುಗಳ ಜಗಳದಲ್ಲಿ.

ಪ್ರತಿಭೆ, ಪ್ರತಿಭೆ ಎಂದು ಕೋರ್ಟಿನ ಕಟ್ಟೆ ಹತ್ತಿದವರು ಮುಂದಿನ ಅಧ್ಯಾಯದಲ್ಲಿ ಎಲ್ಲಿ ಹೋದರು? ಎಪ್ಪತ್ತು, ಎಂಬತ್ತರ ದಶಕದಲ್ಲಿ ಖಾಸಗಿ ಕಾಲೇಜುಗಳಲ್ಲಿ ಕ್ಯಾಪಿಟೇಶನ್ ಫೀ ಎಂಬ ಹೆಸರಿನಲ್ಲಿ ಸೀಟು ಬಿಕರಿಯಾಯಿತು. ದುಡ್ಡು ಎಣಿಸಿದವನ ಅಂಕ ಯಾರೂ ಎಣಿಸಲಿಲ್ಲ. ಮೀಸಲು ಸೀಟಿನ ಹುಡುಗನಿಂದ ಕುಸಿಯುವ ಸೇತುವೆ, ಕೊಂಡ ಸೀಟಿನ ಹುಡುಗನಿಂದ ಕುಸಿಯುವುದಿಲ್ಲವೆ? ಇದನ್ನು ತಡೆಯಲು 1984ರಲ್ಲಿ ಕಾನೂನು ಮಾಡಬೇಕಾಯಿತು. 1992ರಲ್ಲಿ ಮೋಹಿನಿ ಜೈನ್ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು ಕ್ಯಾಪಿಟೇಶನ್ ಫೀ ಸಲ್ಲದು ಎಂದಿತು. 1994ರಲ್ಲಿ ಸಿ.ಇ.ಟಿ. ಬಂತು. ಹಳ್ಳಿಯ ಹುಡುಗ, ಹುಡುಗಿಯರು ಯಾರ ಕಾಲೂ ಹಿಡಿಯದೆ, ತಮ್ಮ ಅಂಕದ ಮೇಲೆ ತಮ್ಮ ಪಾಲಿನ ಸೀಟನ್ನು ಕೇಳುವ ದಾರಿಯಾಯಿತು. ಆಮೇಲೆ 98ನೆಯ ತಿದ್ದುಪಡಿಯಿಂದ 371(ಜೆ) ವಿಧಿ 2013ರಲ್ಲಿ ಜಾರಿಯಾಗಿ, ಈ ಭಾಗದ ವಿಶ್ವವಿದ್ಯಾಲಯಗಳ ಸೀಟುಗಳಲ್ಲಿ ನೂರಕ್ಕೆ 70, ರಾಜ್ಯಮಟ್ಟದ ಸಂಸ್ಥೆಗಳಲ್ಲಿ ನೂರಕ್ಕೆ 8 ಇಲ್ಲಿನ ಮಕ್ಕಳಿಗೆ ಮೀಸಲಾದವು.

ಹಾಗಾದರೆ ಹೋರಾಟ ಮುಗಿಯಿತೆ? ಸೀಟು ಸಿಕ್ಕಿತು ಎಂದುಕೊಳ್ಳಿ. ಹತ್ತನೆಯ ತರಗತಿಯವರೆಗೆ ಕನ್ನಡದಲ್ಲಿ ಓದಿದ ಹುಡುಗಿ ಪಿ.ಯು.ಸಿ. ವಿಜ್ಞಾನಕ್ಕೆ ಸೇರಿದ ದಿನವೇ ಪಾಠವೆಲ್ಲ ಇಂಗ್ಲಿಷ್ ಆಗುತ್ತದೆ. ಡೈನಮೊ ತಿರುಗುವುದನ್ನು ಕಣ್ಣಾರೆ ಕಂಡವಳು, ಪಂಪ್‌ಸೆಟ್ಟಿನ ಮೂರು ಫೇಸಿನಲ್ಲಿ ಒಂದು ಹೋದರೆ ಮೋಟಾರು ಗೊರಗುಟ್ಟುವುದನ್ನು ಕಿವಿಯಾರೆ ಕೇಳಿದವಳು, 'ಫ್ಲಕ್ಸ್', 'ಇಂಡಕ್ಷನ್', 'ಇಂಪೀಡೆನ್ಸ್' ಎಂಬ ಮಾತುಗಳ ಮುಂದೆ ಮೂಕಿಯಾಗುತ್ತಾಳೆ. ವಿಷಯ ಅವಳಿಗೆ ಗೊತ್ತು, ಹೆಸರು ಗೊತ್ತಿಲ್ಲ. ಪರೀಕ್ಷೆ ಕೇಳುವುದು ಹೆಸರನ್ನು. ಫೇಲಾದರೆ "ಮೀಸಲಾತಿಯವರ ಹಣೆಬರಹ" ಎನ್ನಲು ನಾಲಿಗೆಗಳು ಸಿದ್ಧವಾಗಿರುತ್ತವೆ. 11 ಸಾವಿರ ವೋಲ್ಟನ್ನು ನೇರವಾಗಿ ಗುಡಿಸಲಿನ ಬಲ್ಬಿಗೆ ಕೊಟ್ಟು, ಬಲ್ಬು ಸುಟ್ಟಿತೆಂದು ಬಲ್ಬನ್ನು ಬಯ್ದಂತೆ ಇದು. ತಪ್ಪು ಬಲ್ಬಿನದಲ್ಲ, ನಡುವೆ ಟೀಸಿ ಕೂರಿಸದವರದು.

ಕನ್ನಡಕ್ಕೆ ಆ ಕಸುವಿಲ್ಲ ಎನ್ನುವವರಿಗೆ ಸಂತೆಕಲ್ಲೂರೇ ಉತ್ತರ. ಈ ಊರಿನ ಘನಮಠದ ನಾಗಭೂಷಣ ಶಿವಯೋಗಿಗಳು 19ನೆಯ ಶತಮಾನದಲ್ಲೇ ಬೇಸಾಯದ ಬಗ್ಗೆ 'ಕೃಷಿ ಜ್ಞಾನ ಪ್ರದೀಪಿಕೆ' ಎಂಬ ಗ್ರಂಥವನ್ನು ಕನ್ನಡದಲ್ಲಿ ಬರೆದರು. ನೆಲದ ಶಾಸ್ತ್ರಕ್ಕೆ ಒದಗಿದ ಭಾಷೆ ಕರೆಂಟಿನ ಶಾಸ್ತ್ರಕ್ಕೆ ಒದಗುವುದಿಲ್ಲವೆ? ಅಂದು ಆ ಹೊಲ ಉತ್ತವರಿಗೆ ಓದು ಬಾರದ್ದು ಬೇರೆ ಮಾತು. ಬಿ.ಇ. ಪಾಠವನ್ನು ಕನ್ನಡವೂ ಸೇರಿದಂತೆ ದೇಶಭಾಷೆಗಳಲ್ಲಿ ನಡೆಸಲು ಎ.ಐ.ಸಿ.ಟಿ.ಇ. 2021ರಲ್ಲಿ ಒಪ್ಪಿತು. ಆದರೆ ಕನ್ನಡದಲ್ಲಿ ಓದಿದವರಿಗೆ ಕೆಲಸ ಕೊಡುವವರು ಇಂಗ್ಲಿಷಿನಲ್ಲೇ ಸಂದರ್ಶನ ಮಾಡಿದರೆ ಆ ಒಪ್ಪಿಗೆ ಕಾಗದದ ಹೂವು. ಇಂಗ್ಲಿಷ್ ಬೇಡವೆಂದಲ್ಲ. ಉಳ್ಳವರ ಮಕ್ಕಳಿಗೆ ಸಿಗುವ ಇಂಗ್ಲಿಷ್ ನಮ್ಮ ಮಕ್ಕಳಿಗೂ ಬೇಕೇ ಬೇಕು. ಆದರೆ ಅದು ಬರುವವರೆಗೆ ತಿಳಿವಳಿಕೆ ನಿಂತು ಕಾಯಬಾರದು.

ಮಸ್ಕಿಯ ಬೆಟ್ಟದಲ್ಲಿ ಅಶೋಕನ ಶಾಸನ 1915ರಲ್ಲಿ ಸಿಕ್ಕಿತು. ಅಶೋಕನ ಹೆಸರನ್ನೇ ಹೇಳುವ ಶಾಸನವೆಂದು ಮಕ್ಕಳಿಗೆ ಉರು ಹೊಡೆಸುತ್ತೇವೆ. ಅದರೊಳಗಿನ ಮಾತನ್ನು ಹೇಳುವುದಿಲ್ಲ. ಧರ್ಮದ ಈ ಗುರಿ ದೊಡ್ಡವರಿಗೆ ಮಾತ್ರ ಎಂದು ತಿಳಿಯಬೇಡಿ, ಸಣ್ಣವನೂ ಇದನ್ನು ಮುಟ್ಟಬಲ್ಲ, ಇಬ್ಬರಿಗೂ ತಿಳಿಸಿ ಎಂಬುದು ಅದರ ತಾತ್ಪರ್ಯ. ಎರಡು ಸಾವಿರ ವರ್ಷಗಳಿಂದ ನಮ್ಮ ತಾಲ್ಲೂಕಿನ ಬಂಡೆ ಹೇಳುತ್ತಿರುವುದನ್ನು ನಮ್ಮ ಕಾಲೇಜುಗಳು ಇನ್ನೂ ಕೇಳಿಸಿಕೊಂಡಿಲ್ಲ.

ಹಳ್ಳಿಯ ಶಾಲೆಯ ಮಾಸ್ತರರೇ, ಅಕ್ಕೋರೇ, ಒಂದು ಹಳೆಯ ಸೈಕಲ್ ಡೈನಮೊ ಬಿಚ್ಚಿ ಮಕ್ಕಳ ಕೈಗೆ ಕೊಡಿ. ಕನ್ನಡದಲ್ಲಿ ಹೇಳಿ, ಇಂಗ್ಲಿಷ್ ಹೆಸರನ್ನೂ ಪಕ್ಕದಲ್ಲಿ ಬರೆಸಿ. ಕಾಲೇಜು ಸೇರಿದ ಗೆಳೆಯರೇ, ನಿಮ್ಮ ನೋಟ್‌ಬುಕ್ಕನ್ನು ಕನ್ನಡದಲ್ಲಿ ಬಿಡಿಸಿ ಬರೆದು ಊರಿನ ಹಾಸ್ಟೆಲಿಗೆ ಕಳಿಸಿ. ಕಾರ್ಯಕರ್ತರೇ, ಕೇರಿಗೆ ಕಂಬ ಕೇಳಿದ ಹಾಗೆ, ತಾಲ್ಲೂಕಿನ ಪ್ರತಿ ಹಾಸ್ಟೆಲಿಗೂ ಗಣಿತ, ಭೌತಶಾಸ್ತ್ರ, ಇಂಗ್ಲಿಷ್ ಕಲಿಸುವ ಮಾಸ್ತರರನ್ನು ಕೇಳಿ. ಕೊಡದಿದ್ದರೆ ತಾಲ್ಲೂಕು ಕಚೇರಿಯ ಮುಂದೆ ಕೂತು ಕೇಳಿ. ಇದುವರೆಗೆ ತೆರೆದ ಬಾಗಿಲೆಲ್ಲ ಹೀಗೆ ಕೇಳಿದ್ದರಿಂದಲೇ ತೆರೆದದ್ದು.