ಹುಟ್ಟಿದ್ದು ಪುಣೆ, ಬೆಳೆದದ್ದು ಬೆಂಗಳೂರು

2003ರ ಜೂನ್ ತಿಂಗಳು. ಮಗಳನ್ನು ಪುಣೆಯ ಒಂದು ಶಾಲೆಗೆ ಸೇರಿಸಲು ಹೋಗಿದ್ದೆ. ಅಲ್ಲಿ ಕೊಟ್ಟ ಫಾರಮ್ಮಿನಲ್ಲಿ 'ಜನ್ಮಸ್ಥಳ' ಅಂತ ಒಂದು ಗೆರೆ, ಅದರ ಕೆಳಗೆ 'ಮೂಳ ಗಾವ್' ಅಂತ ಇನ್ನೊಂದು ಗೆರೆ. ಮೊದಲನೆಯದರಲ್ಲಿ ಪುಣೆ ಎಂದೂ ಎರಡನೆಯದರಲ್ಲಿ ಹುಬ್ಬಳ್ಳಿ ಎಂದೂ ಬರೆದೆ. ಕೌಂಟರಿನಲ್ಲಿದ್ದ ಹೆಂಗಸು ಅದನ್ನು ಓದಿ ನಗುತ್ತಾ, "ಹಾಗಾದ್ರೆ ಈ ಹುಡುಗಿ ಯಾವೂರವಳು?" ಎಂದು ಮರಾಠಿಯಲ್ಲಿ ಕೇಳಿದರು. "ಹುಬ್ಬಳ್ಳಿಯವಳು" ಎಂದೆ. ಮಗಳು ಅಷ್ಟರಲ್ಲಿ ಪಕ್ಕದ ಮಕ್ಕಳ ಜೊತೆ ಮರಾಠಿಯಲ್ಲಿ ಜಗಳ ಶುರು ಮಾಡಿದ್ದಳು.

ಆ ಪ್ರಶ್ನೆ ಅಲ್ಲಿಗೇ ಮುಗಿಯಿತು ಅಂದುಕೊಂಡಿದ್ದೆ. ಮುಗಿಯಲಿಲ್ಲ. ಅದೇ ವರ್ಷ ಅಕ್ಟೋಬರಿನಲ್ಲಿ ಚೀನಾದ ಜಿಯಾಂಗ್‌ಮೆನ್ ಎಂಬ ಊರಿನಲ್ಲಿ 18 ವರ್ಷದ ಹುಡುಗನೊಬ್ಬ ವಿಶ್ವ ಸ್ನೂಕರ್ ಚಾಂಪಿಯನ್ ಆದ. ಹೆಸರು ಪಂಕಜ್ ಅಡ್ವಾಣಿ. ಫೈನಲ್ಲಿನಲ್ಲಿ ಪಾಕಿಸ್ತಾನದ ಸಾಲೇಹ್ ಮೊಹಮ್ಮದ್ ಅವರನ್ನು ಸೋಲಿಸಿದ್ದ. 1984ರಲ್ಲಿ ಓಂ ಅಗರ್ವಾಲ್ ಗೆದ್ದ ಮೇಲೆ ಈ ಪಟ್ಟ ಭಾರತಕ್ಕೆ ಬಂದದ್ದು ಆವಾಗಲೇ. ಮರುದಿನ ಕಾರ್ಖಾನೆಗೆ ಹೋದರೆ ಪಕ್ಕದ ಟೇಬಲ್ಲಿನ ಮರಾಠಿ ಗೆಳೆಯ ಪೇಪರ್ ಹಿಡಿದುಕೊಂಡೇ ಕಾಯುತ್ತಿದ್ದ.

"ಪಾಹಿಲಾ ಕಾ? ಆಪ್ಲಾ ಪುಣ್ಯಾಚಾ ಮುಲ್ಗಾ!" ನೋಡಿದ್ಯಾ, ನಮ್ಮ ಪುಣೆಯ ಹುಡುಗ!

"ನಿಮ್ಮ ಪುಣೆಯವನು ಹೆಂಗಾದಾನು? ಅವನು ಬೆಂಗಳೂರಿನವನು, ನಮ್ಮವನು" ಎಂದೆ.

ಗೆಳೆಯ ಪೇಪರಿನ ಒಂದು ಸಾಲಿನ ಮೇಲೆ ಬೆರಳಿಟ್ಟು ತೋರಿಸಿದ. ಹುಟ್ಟಿದ್ದು 24 ಜುಲೈ 1985, ಪುಣೆಯಲ್ಲಿ.

"ಹುಟ್ಟಿದ್ದರಲ್ಲಿ ಏನೈತಿ? ಆಟ ಕಲಿತದ್ದು ಎಲ್ಲಿ ಅನ್ನೋದು ಮುಖ್ಯ" ಎಂದು ವಾದಕ್ಕೆ ನಿಂತೆ. ನಿಂತ ಮೇಲೆ ನನಗೆ ಜೂನಿನ ಫಾರಮ್ಮು ನೆನಪಾಯಿತು. ಹುಟ್ಟಿದ ಊರೇ ಊರು ಅಂದರೆ ನನ್ನ ಮಗಳು ಪುಣೆಯವಳು. ಕಲಿತ ಊರೇ ಊರು ಅಂದರೂ ಪುಣೆಯವಳೇ. ಎರಡು ಕಡೆಯಿಂದಲೂ ಹುಬ್ಬಳ್ಳಿ ಸೋತಂತಾಯಿತು. ವಾದ ನಿಲ್ಲಿಸಿ ಚಹಾ ಕುಡಿಯಲು ಹೋದೆ. ಆದರೆ ಅವತ್ತಿನಿಂದ ಈ ಹುಡುಗನ ಸುದ್ದಿ ಎಲ್ಲಿ ಬಂದರೂ ಓದುವ ಚಟ ಹತ್ತಿಕೊಂಡಿತು.

ಆಟದ ಬಗ್ಗೆ ನನಗೆ ಆಗ ಏನೂ ತಿಳಿದಿರಲಿಲ್ಲ. ನಮ್ಮ ಕಡೆ ಬಿಲಿಯರ್ಡ್ಸ್ ಅಂದರೆ ಒಂದೋ ಸಾಹೇಬರ ಕ್ಲಬ್ಬು, ಇಲ್ಲಾ ಉಡಾಳ ಹುಡುಗರ ಅಡ್ಡಾ. ಪುಣೆಯ ಕಾಲೇಜು ಹುಡುಗರು ಹೋಗುತ್ತಿದ್ದುದು ಪೂಲ್ ಪಾರ್ಲರಿಗೆ. ದೂರದಿಂದ ನೋಡಿದರೆ ಮೂರೂ ಒಂದೇ ಆಟ, ಹಸಿರು ಬಟ್ಟೆ ಹೊದಿಸಿದ ಮೇಜು, ಆರು ತೂತು, ಉದ್ದನೆಯ ಕೋಲು. ಹತ್ತಿರ ಹೋದರೆ ಬೇರೆ ಬೇರೆ. ಪೂಲ್ ಮೇಜು ಚಿಕ್ಕದು, ಸಾಮಾನ್ಯವಾಗಿ 9 ಅಡಿ. ಬಿಳಿಯದೂ ಸೇರಿ 16 ಚೆಂಡು. ಸ್ನೂಕರ್ ಮೇಜು 12 ಅಡಿ ಉದ್ದ, 6 ಅಡಿ ಅಗಲ. 15 ಕೆಂಪು, 6 ಬಣ್ಣದ್ದು, ಒಂದು ಬಿಳಿ, ಒಟ್ಟು 22 ಚೆಂಡು. ಬಿಲಿಯರ್ಡ್ಸಿಗೂ ಅದೇ ದೊಡ್ಡ ಮೇಜು, ಆದರೆ ಚೆಂಡು ಮೂರೇ ಮೂರು. ಸ್ನೂಕರಿನಲ್ಲಿ ಚೆಂಡನ್ನು ತೂತಿಗೆ ಹಾಕಿದರೆ ಅಂಕ. ಬಿಲಿಯರ್ಡ್ಸಿನಲ್ಲಿ ನಿಮ್ಮ ಚೆಂಡು ಉಳಿದೆರಡಕ್ಕೂ ತಾಗಿದರೆ ಸಾಕು, 2 ಅಂಕ. ಹಾಗೆ ತಾಗಿಸುತ್ತಾ ತಾಗಿಸುತ್ತಾ ಒಬ್ಬನೇ ಗಂಟೆಗಟ್ಟಲೆ ಆಡಬಹುದು. ಎದುರಾಳಿ ಕುರ್ಚಿಯಲ್ಲಿ ಕೂತು ನೋಡಬೇಕು ಅಷ್ಟೇ.

ಈ ಆಟಗಳಿಗೂ ಊರುಬಿಟ್ಟವರಿಗೂ ಹಳೆಯ ನಂಟಿದೆ. ಸ್ನೂಕರ್ ಹುಟ್ಟಿದ್ದು ಇಂಗ್ಲೆಂಡಿನಲ್ಲಲ್ಲ, ನಮ್ಮ ಜಬಲ್‌ಪುರದಲ್ಲಿ, 1875ರಲ್ಲಿ. ಮಳೆಗಾಲದಲ್ಲಿ ಮನೆಯ ನೆನಪು ಕಾಡುತ್ತಾ ಕೂತಿದ್ದ ಬ್ರಿಟಿಷ್ ಅಧಿಕಾರಿಗಳು ಹೊತ್ತು ಕಳೆಯಲು ಮಾಡಿಕೊಂಡ ಆಟ. ನೆವಿಲ್ ಚೇಂಬರ್ಲೇನ್ ಎಂಬ ಯುವ ಅಧಿಕಾರಿ (ಮುಂದೆ ಪ್ರಧಾನಿಯಾದವರಲ್ಲ, ಬೇರೆಯವರು) ಬಿಲಿಯರ್ಡ್ಸ್ ಮೇಜಿಗೆ ಬಣ್ಣದ ಚೆಂಡುಗಳನ್ನು ತಂದು ಸೇರಿಸಿದರು. ಅದರ ನಿಯಮಗಳು ಗಟ್ಟಿಯಾದದ್ದು ಊಟಿಯ ಕ್ಲಬ್ಬಿನಲ್ಲಿ. ಬ್ಯಾಡ್ಮಿಂಟನ್ನಿನ ಕಥೆಯೂ ಹೀಗೇ. ಅದಕ್ಕೆ ಒಂದು ಕಾಲದಲ್ಲಿ 'ಪೂನಾ' ಎಂದೇ ಹೆಸರಿತ್ತು. ದಂಡಿನ ಊರುಗಳಲ್ಲಿ ಸಂಜೆಗಳು ಉದ್ದ, ಮನೆ ದೂರ.

ಪುಣೆಯ ಆ ದಂಡಿನ ಪ್ರದೇಶವನ್ನು ಈಗಲೂ ಜನ 'ಕ್ಯಾಂಪ್' ಅನ್ನುತ್ತಾರೆ. 1922ರ ಮೇ 2ರಂದು ಪುಣೆಯಲ್ಲಿ ಒಂದು ಆಂಗ್ಲೋ ಇಂಡಿಯನ್ ಮನೆಯಲ್ಲಿ ಹುಟ್ಟಿದವರು ವಿಲ್ಸನ್ ಜೋನ್ಸ್. ಓದಿದ್ದು ಇಲ್ಲಿಯ ಬಿಷಪ್ಸ್ ಮತ್ತು ಸೇಂಟ್ ವಿನ್ಸೆಂಟ್ಸ್ ಶಾಲೆಗಳಲ್ಲಿ. ಬದುಕು ಕಟ್ಟಿಕೊಂಡದ್ದು ಮುಂಬಯಿಯಲ್ಲಿ. 12 ಸಲ ಬಿಲಿಯರ್ಡ್ಸಿನ ರಾಷ್ಟ್ರೀಯ ಚಾಂಪಿಯನ್ ಆದರು. 1958ರಲ್ಲಿ ಕಲ್ಕತ್ತೆಯಲ್ಲಿ ವಿಶ್ವ ಅಮೆಚೂರ್ ಪಟ್ಟ ಗೆದ್ದಾಗ, ಸ್ವತಂತ್ರ ಭಾರತದ ಮೊದಲ ವಿಶ್ವ ಚಾಂಪಿಯನ್ ಎಂಬ ಹೆಸರು ಬಂತು. 1964ರಲ್ಲಿ ನ್ಯೂಜಿಲೆಂಡಿನಲ್ಲಿ ಮತ್ತೆ ಗೆದ್ದರು. 1965ರಲ್ಲಿ ಪದ್ಮಶ್ರೀ, 1996ರಲ್ಲಿ ದ್ರೋಣಾಚಾರ್ಯ ಪ್ರಶಸ್ತಿ. ತೀರಿಕೊಂಡದ್ದು ಮುಂಬಯಿಯಲ್ಲಿ, 2003ರ ಅಕ್ಟೋಬರಿನಲ್ಲಿ. ಹೌದು, ಪಂಕಜ್ ಗೆದ್ದ ಅದೇ ತಿಂಗಳು. ಪುಣೆಯಲ್ಲಿ ಹುಟ್ಟಿದ ಒಬ್ಬರು ಹೋದ ತಿಂಗಳಲ್ಲೇ ಪುಣೆಯಲ್ಲಿ ಹುಟ್ಟಿದ ಇನ್ನೊಬ್ಬ ಬಂದ. ಇಬ್ಬರೂ ಪುಣೆಯಲ್ಲಿ ಉಳಿದವರಲ್ಲ.

ಪಂಕಜರ ಮನೆಯವರು ಸಿಂಧಿಗಳು. ದೇಶ ವಿಭಜನೆಯಾದ ಮೇಲೆ ಸಿಂಧಿಗಳಿಗೆ ಹಿಂದಿರುಗಲು ಊರೇ ಉಳಿಯಲಿಲ್ಲ. ನಾನು ಕೆಲಸ ಮಾಡುತ್ತಿದ್ದ ಪಿಂಪ್ರಿಯಲ್ಲಿ ಅವರ ನಿರಾಶ್ರಿತರ ಶಿಬಿರವೇ ಇತ್ತು. ಈಗ ಅದು ಗಿಜಿಗುಡುವ ಪೇಟೆ. ಹುಬ್ಬಳ್ಳಿಗೆ ರಾತ್ರಿ ಬಸ್ಸು ಹತ್ತಿದರೆ ಬೆಳಗಾಗುವಷ್ಟರಲ್ಲಿ ಮನೆ ಮುಟ್ಟುವ ನಾನು ಪರವೂರಿನ ದುಃಖ ಹೇಳಿಕೊಳ್ಳುವಾಗ ಅಲ್ಲಿಯ ಅಂಗಡಿಕಾರರ ಮುಂದೆ ನಾಚಿಕೆಯಾಗುತ್ತಿತ್ತು.

ಪಂಕಜರ ಎಳೆಯ ವರ್ಷಗಳು ಕಳೆದದ್ದು ಕುವೈತಿನಲ್ಲಿ. 1990ರ ದಶಕದ ಆರಂಭದಲ್ಲಿ ಕುಟುಂಬ ಬೆಂಗಳೂರಿಗೆ ಬಂತು. ತಂದೆ ಬೇಗ ತೀರಿಕೊಂಡರು. ತಾಯಿ ಇಬ್ಬರು ಗಂಡುಮಕ್ಕಳನ್ನು ಬೆಳೆಸಿದರು. ಅಣ್ಣ ಶ್ರೀ ಸ್ನೂಕರ್ ಆಡಲು ಹೋಗುತ್ತಿದ್ದಾಗ ಹತ್ತು ವರ್ಷದ ತಮ್ಮ ಬೆನ್ನು ಹತ್ತಿದ. ಆಮೇಲೆ ಗುರುವಾಗಿ ಸಿಕ್ಕವರು ರಾಷ್ಟ್ರೀಯ ಸ್ನೂಕರ್ ಚಾಂಪಿಯನ್ ಆಗಿದ್ದ ಅರವಿಂದ್ ಸವೂರ್. ಕಲಿಯಲು ಕರ್ನಾಟಕ ರಾಜ್ಯ ಬಿಲಿಯರ್ಡ್ಸ್ ಸಂಸ್ಥೆಯ ಮೇಜುಗಳಿದ್ದವು. ಕೆಲವೇ ವರ್ಷಗಳಲ್ಲಿ ಹುಡುಗ ಜೂನಿಯರ್ ರಾಷ್ಟ್ರೀಯ ಚಾಂಪಿಯನ್.

ಜಿಯಾಂಗ್‌ಮೆನ್ ಗೆಲುವಿನ ನಂತರ ಪಂಕಜ್ ಬಿಲಿಯರ್ಡ್ಸಿನ ಕಡೆಗೂ ತಿರುಗಿದರು. ಎರಡರಲ್ಲೂ ಮೇಲೆ ಬರುವುದು ಅಪರೂಪ. ಒಂದಕ್ಕೆ ನೇರ ಹೊಡೆತ ಬೇಕು, ಇನ್ನೊಂದಕ್ಕೆ ಚೆಂಡನ್ನು ಮುದ್ದು ಮಾಡುವ ಕೈ ಬೇಕು. 2005ರಲ್ಲಿ ಮಾಲ್ಟಾದಲ್ಲಿ ಬಿಲಿಯರ್ಡ್ಸಿನ ಎರಡೂ ಬಗೆಯ ವಿಶ್ವಪಟ್ಟ, ಅಂಕದ್ದು ಒಂದು, ಸಮಯದ್ದು ಇನ್ನೊಂದು, ಒಟ್ಟಿಗೆ ಗೆದ್ದರು. 2008ರಲ್ಲಿ ಅದನ್ನೇ ಮತ್ತೆ ಮಾಡಿದ್ದು ಬೆಂಗಳೂರಿನಲ್ಲಿ, ತಮ್ಮ ಜನರ ಮುಂದೆ. 2006ರ ದೋಹಾ ಏಷ್ಯನ್ ಗೇಮ್ಸಿನಲ್ಲೂ 2010ರ ಗುವಾಂಗ್‌ಝೌ ಗೇಮ್ಸಿನಲ್ಲೂ ಚಿನ್ನ. 2009ರಲ್ಲಿ ಲೀಡ್ಸ್‌ನಲ್ಲಿ ಇಂಗ್ಲೆಂಡಿನ ಮೈಕ್ ರಸೆಲ್ ಅವರನ್ನು 2030–1253 ಅಂತರದಲ್ಲಿ ಸೋಲಿಸಿ ವೃತ್ತಿಪರರ ವಿಶ್ವ ಬಿಲಿಯರ್ಡ್ಸ್ ಪಟ್ಟವನ್ನೂ ಪಡೆದರು. ಗೀತ್ ಸೇಠಿಯವರ ನಂತರ ಅದನ್ನು ಗೆದ್ದ ಎರಡನೆಯ ಭಾರತೀಯ ಇವರು.

ನನಗೆ ಎಲ್ಲಕ್ಕಿಂತ ಹೆಚ್ಚು ನೆನಪಿರುವುದು ಈ ಗೆಲುವುಗಳಲ್ಲ, ಅದರ ನಂತರದ ಎರಡು ವರ್ಷ. ಬಿಲಿಯರ್ಡ್ಸಿನಲ್ಲಿ ಹೆಸರಿದೆ, ದುಡ್ಡಿಲ್ಲ. ನಮ್ಮ ದೇಶದಲ್ಲಿ ಇಂಥ ಆಟಗಾರರನ್ನು ಸಾಕುವುದು ಸರ್ಕಾರಿ ಉದ್ದಿಮೆಗಳ ನೌಕರಿ. ಪಂಕಜರಿಗೂ ಓಎನ್‌ಜಿಸಿ ನೌಕರಿ ಇತ್ತು. ದುಡ್ಡು, ಟೀವಿ, ದೊಡ್ಡ ಹೆಸರು ಎಲ್ಲಾ ಇರುವುದು ವೃತ್ತಿಪರ ಸ್ನೂಕರಿನಲ್ಲಿ, ಅದರ ಕಾಶಿ ಇಂಗ್ಲೆಂಡಿನ ಶೆಫೀಲ್ಡ್. 2012ರಲ್ಲಿ ಪಂಕಜ್ ಆ ಸರ್ಕಿಟ್ಟಿಗೆ ಸೇರಿದರು. ಮೊದಲ ಸೀಸನ್ನಿನಲ್ಲೇ, 2013ರ ವೆಲ್ಷ್ ಓಪನ್ನಿನಲ್ಲಿ ಕ್ವಾರ್ಟರ್ ಫೈನಲ್ ಮುಟ್ಟಿದರು. ರ‍್ಯಾಂಕಿಂಗ್ ಪಂದ್ಯಾವಳಿಯಲ್ಲಿ ಅಲ್ಲಿಯವರೆಗೆ ಹೋದ ಮೊದಲ ಭಾರತೀಯ. ಅಲ್ಲಿ ಜಡ್ ಟ್ರಂಪ್ ಎದುರು ಸೋತರು. ಇನ್ನೇನು ಮೇಲೇರುತ್ತಾರೆ ಅನ್ನುವಷ್ಟರಲ್ಲಿ, 2014ರಲ್ಲಿ, ಆ ವೃತ್ತಿಪರ ಸ್ಥಾನವನ್ನೇ ಬಿಟ್ಟು ವಾಪಸು ಬಂದುಬಿಟ್ಟರು. ಸ್ನೂಕರಿನ ಜೊತೆ ಬಿಲಿಯರ್ಡ್ಸೂ ಬೇಕು, ಮನೆಯವರ ಹತ್ತಿರವೂ ಇರಬೇಕು ಅನ್ನುವುದು ಕಾರಣ.

ಆ ಸುದ್ದಿ ಓದಿ ಹೆಂಡತಿಗೆ ಹೇಳಿದೆ. ಒಲೆಯ ಮುಂದಿನಿಂದಲೇ ಅಂದಳು, "ನೀವೂ ಒಮ್ಮೆ ಹಂಗ ವಾಪಸ್ ಹೋಗೂಣು ಅಂದಿದ್ರಿ, ನೆನಪೈತೇನ್ರಿ?" ನೆನಪಿತ್ತು. ಮಗಳ ಶಾಲೆ ಮುಗಿಯಲಿ ಅಂತ ಮುಂದೂಡಿದ್ದು, ಆಮೇಲೆ ಕಾಲೇಜು ಮುಗಿಯಲಿ ಅಂತ.

ಬಿಟ್ಟು ಬಂದದ್ದು ತಪ್ಪಾಯಿತು ಅಂದವರೂ ಇದ್ದರು. ವೃತ್ತಿಪರ ಸ್ನೂಕರಿನಲ್ಲಿ ಅವರು ಎಲ್ಲಿಯವರೆಗೆ ಹೋಗುತ್ತಿದ್ದರೋ ಯಾರೂ ಹೇಳಲಾರರು. ಆದರೆ ಬಂದ ಮೇಲೆ ಸುಮ್ಮನೆ ಕೂರಲಿಲ್ಲ. 2014ರಲ್ಲೇ ಈಜಿಪ್ಟಿನಲ್ಲಿ ಸಿಕ್ಸ್ ರೆಡ್ ಸ್ನೂಕರಿನ ವಿಶ್ವಪಟ್ಟ, 2015ರಲ್ಲಿ ಮತ್ತು 2017ರಲ್ಲಿ ವಿಶ್ವ ಅಮೆಚೂರ್ ಸ್ನೂಕರ್, ನಡುನಡುವೆ ಬಿಲಿಯರ್ಡ್ಸ್. 2018ರಲ್ಲಿ ಪದ್ಮಭೂಷಣ. 2024ರ ನವೆಂಬರಿನಲ್ಲಿ ದೋಹಾದಲ್ಲಿ ಇಂಗ್ಲೆಂಡಿನ ರಾಬರ್ಟ್ ಹಾಲ್ ಅವರನ್ನು ಸೋಲಿಸಿದಾಗ ವಿಶ್ವಪಟ್ಟಗಳ ಲೆಕ್ಕ 28ಕ್ಕೆ ಬಂತು.

ಮರಾಠಿ ಗೆಳೆಯ ಈಗ ನಿವೃತ್ತ. ಫರ್ಗ್ಯುಸನ್ ಕಾಲೇಜು ರಸ್ತೆಯ ವೈಶಾಲಿಯಲ್ಲಿ ಆಗಾಗ ದೋಸೆಗೆ ಸೇರುತ್ತೇವೆ. ಅದೂ ನಮ್ಮ ಕರಾವಳಿಯ ಶೆಟ್ಟರು ಕಟ್ಟಿದ ಹೋಟೆಲು, ಆದರೆ ಪುಣೆಯವರನ್ನು ಕೇಳಿ ನೋಡಿ, ಅಪ್ಪಟ ಪುಣೇರಿ ಅನ್ನುತ್ತಾರೆ. 28ನೆಯ ಪಟ್ಟದ ಸುದ್ದಿ ಬಂದಾಗ ಅಲ್ಲೇ ಹಳೆಯ ಜಗಳ ಮತ್ತೆ ಎದ್ದಿತು. ಈ ಸಲ ನಾನು ಭೀಮಸೇನ ಜೋಶಿಯವರನ್ನು ತಂದೆ. "1922ರಲ್ಲಿ ಹುಟ್ಟಿದ್ದು ನಮ್ಮ ಗದಗ ಸೀಮೆಯಲ್ಲಿ. ನೀವು ಅವರನ್ನು ಇಟ್ಕೊಂಡ್ರಿ. ನಾವು ಪಂಕಜನ್ನ ಇಟ್ಕೊಂಡ್ವಿ. ಲೆಕ್ಕ ಚುಕ್ತಾ."

ಗೆಳೆಯ ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ ಅಂದ, "ಪಂಡಿತ್‌ಜಿ ಕೊನೆಯವರೆಗೂ ಕನ್ನಡ ದಾಸರ ಪದ ಹಾಡಿದರಲ್ಲ. ನಾವು ಬೇಡ ಅಂದ್ವಾ? ಚಪ್ಪಾಳೆ ಹೊಡೆದು ಕೇಳಿದ್ವಿ." ಅದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ. ನನ್ನ ಅರ್ಧ ಲೆಕ್ಕ ಅಲ್ಲೇ ತಪ್ಪಾಗಿತ್ತು. ಅವರನ್ನು ಪುಣೆಗೆ ಕೊಟ್ಟಿದ್ದೂ ಇಲ್ಲ, ನಾವು ಕಳೆದುಕೊಂಡಿದ್ದೂ ಇಲ್ಲ.

ಮಗಳು ಈಗ ಬೆಂಗಳೂರಿನಲ್ಲಿ ಕೆಲಸಕ್ಕಿದ್ದಾಳೆ. ಆಫೀಸಿನಲ್ಲಿ ಅವಳನ್ನು ಎಲ್ಲರೂ 'ಪುಣೆ ಹುಡುಗಿ' ಅನ್ನುತ್ತಾರಂತೆ. ಅವಳ ಕನ್ನಡದಲ್ಲಿ ಮರಾಠಿ ಇಣುಕುತ್ತದೆ ಅಂತ ನಗುತ್ತಾರಂತೆ. ಹೋದ ದೀಪಾವಳಿಗೆ ಮೊದಲು ಫೋನ್ ಮಾಡಿ, "ಅಪ್ಪಾ, ಟಿಕೆಟ್ ಸಿಕ್ತು, ಊರಿಗೆ ಬರ್ತೀನಿ" ಅಂದಳು. ಊರು ಅಂದರೆ ಯಾವುದವ್ವಾ ಅಂತ ನಾಲಿಗೆ ತುದಿಗೆ ಬಂದಿತ್ತು. ಕೇಳಲಿಲ್ಲ. ಬಸ್ಸು ಎಷ್ಟು ಗಂಟೆಗೆ ಸ್ವಾರಗೇಟಿಗೆ ಬರುತ್ತದೆ ಅಂತ ಕೇಳಿ, ಕರೆದುಕೊಂಡು ಬರಲು ಹೋದೆ.